ಅಗುಳಿ ಇಲ್ಲದ ಬಾಗಿಲು ಕೊಟ್ಟು ‘ಎಚ್ಚರ’ ಅಂದರೆ ಹೇಗೆ?

ಸೈಬರ್ ಜಾಗೃತಿ ಈಗ ನಮ್ಮ ಹಳ್ಳಿಗಳಿಗೂ ಬಂದಿದೆ. ಶಾಲೆ ಬಯಲಲ್ಲಿ ಶಾಮಿಯಾನ, ಮೈಕು, ಬ್ಯಾನರು. ಓಟಿಪಿ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಎಚ್ಚರವಾಗಿರಿ. ಚಹಾ, ಬಿಸ್ಕತ್ತು, ಗ್ರೂಪ್ ಫೋಟೊ. ಯಾರಿಗಾದರೂ ಫೋನ್ ಮಾಡಿದರೆ ರಿಂಗ್ ಆಗುವ ಮೊದಲೂ ಇದೇ ಉಪದೇಶ ಕೇಳಿ ಕೇಳಿ ಒಂದು ಕಾಲಕ್ಕೆ ಕಿವಿ ತೂತಾಗಿತ್ತು.

ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಈ ಉಪದೇಶದ ಒಳಗೊಂದು ಕಿತಾಪತಿ ಇದೆ. ದುಡ್ಡು ಹೋಯಿತೋ, ಫೈಲು ಹೋಯಿತೋ, ತಪ್ಪು ನಿನ್ನದೇ, ನೀನು ಎಚ್ಚರವಾಗಿರಲಿಲ್ಲ ಎಂದು ಅದು ಮೊದಲೇ ತೀರ್ಪು ಬರೆದಿಟ್ಟಿರುತ್ತದೆ. ಕಂಪ್ಯೂಟರಿನ ತಂತ್ರಾಂಶ ಮಾಡಿದವರು, ಅದನ್ನು ಮಾರಿದವರು, ಐನೂರು ರೂಪಾಯಿಗೆ ವಿಂಡೋಸ್ ಹಾಕಿಕೊಟ್ಟವರು, ಇವರ್ಯಾರೂ ಆ ಶಾಮಿಯಾನದ ಕೆಳಗೆ ನಿಂತು ಉತ್ತರ ಕೊಡಬೇಕಿಲ್ಲ. ಉತ್ತರ ಕೊಡಬೇಕಾದವರು ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ನಾವು.

ನನ್ನ ತಕರಾರು ಇಷ್ಟೇ. ಮನೆಯ ಕಂಪ್ಯೂಟರಿನ ಭದ್ರತೆ ಮೊದಲು ಸೆಟ್ಟಿಂಗ್‌ನ ವಿಷಯ, ಆಮೇಲೆ ಎಚ್ಚರದ ವಿಷಯ. ಆ ಸೆಟ್ಟಿಂಗ್‌ಗಳನ್ನು ಸರಿ ಇಟ್ಟು ಕೊಡಬೇಕಾದವರು ಕೊಡುತ್ತಿಲ್ಲ. ನಮ್ಮ ಊರುಗಳಲ್ಲಿ ಸರಿ ಇದ್ದದ್ದನ್ನೂ ಕೆಡಿಸಿ ಕೊಡುತ್ತಿದ್ದಾರೆ.

‘ನಮ್ಮ ಹತ್ರ ಏನಿದೆ ಕದಿಯೋಕೆ’ ಎಂದು ನಗುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಅವರಿಗೊಂದು ಕೆಲಸ ಹೇಳುತ್ತೇನೆ. ಮನೆಯ ಕಂಪ್ಯೂಟರಿನಲ್ಲಿ ‘ಡೌನ್‌ಲೋಡ್ಸ್’ ಫೋಲ್ಡರ್ ತೆಗೆದು ಐದು ನಿಮಿಷ ಕಣ್ಣಾಡಿಸಿ. ಪಕ್ಕದ ಮನೆ ಅಜ್ಜಿಯ ಪಿಂಚಣಿ ಅರ್ಜಿಗೆ ಸ್ಕ್ಯಾನ್ ಮಾಡಿದ ಆಧಾರ್. ಮೂರನೇ ಮನೆ ಹುಡುಗಿಯ ವಿದ್ಯಾರ್ಥಿವೇತನಕ್ಕೆ ಬೇಕಾದ ಜಾತಿ, ಆದಾಯ ಪ್ರಮಾಣಪತ್ರ. ಯಾರದೋ ಪಾಸ್‌ಬುಕ್ಕಿನ ಮೊದಲ ಪುಟ. ಪಹಣಿ, ಮಾರ್ಕ್ಸ್ ಕಾರ್ಡ್, ಪಾಸ್‌ಪೋರ್ಟ್ ಸೈಜಿನ ಫೋಟೊ, ಸಹಿ. ಸ್ವಸಹಾಯ ಸಂಘದ ಲೆಕ್ಕ. ಪಟ್ಟಣದಲ್ಲಿ ಕಂಪ್ಯೂಟರ್ ಒಂದು ಮನೆಯದು. ಹಳ್ಳಿಯಲ್ಲಿ ಅದು ಇಡೀ ಬೀದಿಯದು. ಕಂಪ್ಯೂಟರ್ ಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ ಇದ್ದರೆ ಸಾಕು, ಊರಿನ ಅರ್ಜಿಗಳೆಲ್ಲ ಅಲ್ಲೇ ತುಂಬುವುದು. ನಿಮ್ಮ ಮನೆಯಿಂದ ಕದ್ದರೆ ಬೀದಿಯ ಹೆಸರಲ್ಲೆಲ್ಲ ಸಾಲ ಎತ್ತಲು, ಸಿಮ್ ತೆಗೆಯಲು ಬೇಕಾದ ಕಾಗದ ಸಿಗುತ್ತದೆ. ಇನ್ನೊಂದು ಮಾತು: ಕಳ್ಳ ನಿಮ್ಮ ಮನೆಯನ್ನು ಆರಿಸಿಕೊಂಡು ಬರುವುದಿಲ್ಲ. ಬರುವುದು ಒಂದು ಪ್ರೋಗ್ರಾಮ್. ಅದು ಬೀದಿಯುದ್ದಕ್ಕೂ ಪ್ರತಿ ಬಾಗಿಲನ್ನೂ ತಳ್ಳಿ ನೋಡುತ್ತ ಹೋಗುತ್ತದೆ. ಯಾವುದು ತೆರೆಯಿತೋ ಅಲ್ಲಿ ನುಗ್ಗುತ್ತದೆ.

ಸೆಟ್ಟಿಂಗ್ ಅಷ್ಟು ದೊಡ್ಡ ವಿಷಯವೇ ಎಂದು ಕೇಳಬಹುದು. ಹಳೆಯ ಕಥೆಗಳನ್ನು ನೋಡೋಣ.

2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ವೈರಸ್ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ನುಗ್ಗಿತು. ಅದಕ್ಕೆ ಯಾರೂ ಲಿಂಕ್ ಒತ್ತಬೇಕಿರಲಿಲ್ಲ, ಫೈಲ್ ತೆರೆಯಬೇಕಿರಲಿಲ್ಲ. ಇಂಟರ್‌ನೆಟ್ ಹಾಕಿಕೊಂಡು ಸುಮ್ಮನೆ ಕೂತಿದ್ದರೂ ಸಾಕಿತ್ತು. ತಮಾಷೆ ಏನೆಂದರೆ ಅದನ್ನು ತಡೆಯುವ ಫೈರ್‌ವಾಲ್ ಆಗಿನ ವಿಂಡೋಸ್ ಎಕ್ಸ್‌ಪಿಯ ಒಳಗೇ ಇತ್ತು. ಆದರೆ ಆಫ್ ಆಗಿತ್ತು. ಮರುವರ್ಷ ಆಗಸ್ಟ್‌ನಲ್ಲಿ ಬಂದ ಸರ್ವಿಸ್ ಪ್ಯಾಕ್ 2ರಲ್ಲಿ ಮೈಕ್ರೋಸಾಫ್ಟ್ ಅದನ್ನು ಎಲ್ಲರಿಗೂ ತಾನಾಗಿಯೇ ಆನ್ ಮಾಡಿತು. ಬಾಗಿಲು ಮೊದಲೂ ಇತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ನಮ್ಮ ಗಾದೆ ಇಂಥದ್ದಕ್ಕೇ ಇರಬೇಕು.

ಆಮೇಲೆ ಪೆನ್‌ಡ್ರೈವ್ ಕಾಲ. ಊರಿನ ಜೆರಾಕ್ಸ್ ಅಂಗಡಿಯಲ್ಲಿ, ಡಿಟಿಪಿ ಸೆಂಟರ್‌ನಲ್ಲಿ ಪೆನ್‌ಡ್ರೈವ್ ಚುಚ್ಚಿ ತಂದವರಿಗೆ ಇದು ನೆನಪಿರುತ್ತದೆ. ಮನೆಗೆ ತಂದು ಹಾಕಿದರೆ ಸಾಕು, ವೈರಸ್ ತಾನೇ ಓಡುತ್ತಿತ್ತು. ಕಾರಣ ‘ಆಟೋರನ್’ ಎಂಬ ಒಂದು ಸವಲತ್ತು. 2008ರ ಕೊನೆಗೆ ಶುರುವಾದ ಕಾನ್ಫಿಕರ್ ಹರಡಿದ ದಾರಿಗಳಲ್ಲಿ ಅದೂ ಒಂದು. ‘ಪೆನ್‌ಡ್ರೈವ್ ಹಾಕುವ ಮುಂಚೆ ಸ್ಕ್ಯಾನ್ ಮಾಡಿ’ ಎಂದು ವರ್ಷಗಟ್ಟಲೆ ಉಪದೇಶ ನಡೆಯಿತು. ಕೊನೆಗೆ 2011ರ ಫೆಬ್ರವರಿಯಲ್ಲಿ ಹಳೆಯ ವಿಂಡೋಸ್‌ಗಳಿಗೂ ಅಪ್‌ಡೇಟ್ ಕಳಿಸಿ ಪೆನ್‌ಡ್ರೈವಿನ ಆಟೋರನ್ ನಿಲ್ಲಿಸಿದರು. ಕೆಲವೇ ತಿಂಗಳಲ್ಲಿ ಆ ಬಗೆಯ ಸೋಂಕು ಚೆನ್ನಾಗಿ ಇಳಿಯಿತು ಎಂದು ಮೈಕ್ರೋಸಾಫ್ಟೇ ಹೇಳಿಕೊಂಡಿತು. ಉಪದೇಶ ಮಾಡದ ಕೆಲಸ ಒಂದು ಸ್ವಿಚ್ಚು ಮಾಡಿತು.

ವರ್ಡ್, ಎಕ್ಸೆಲ್ ಫೈಲಿನೊಳಗೆ ಅಡಗಿ ಬರುವ ಮ್ಯಾಕ್ರೊ ವೈರಸ್‌ಗಳು 1990ರ ದಶಕದಿಂದ ಇವೆ. ಇಂಟರ್‌ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೊವನ್ನು ತಾನಾಗಿ ತಡೆಯುವ ಸೆಟ್ಟಿಂಗ್ ಬಂದದ್ದು 2022ರಲ್ಲಿ.

ಈಗ ನನಗೆ ನಿಜಕ್ಕೂ ಸಿಟ್ಟು ತರಿಸುವ ಉದಾಹರಣೆ. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಎಂಬ ತಲೆಬರಹದ ಇಮೇಲ್ ಪ್ರಪಂಚ ಸುತ್ತಿತು. ಜೊತೆಗೊಂದು ಫೈಲು. ನೋಡುವವರಿಗೆ ಅದರ ಹೆಸರು ‘ಲವ್ ಲೆಟರ್ ಫಾರ್ ಯೂ ಡಾಟ್ ಟಿಎಕ್ಸ್‌ಟಿ’. ಅಂದರೆ ಬರೀ ಅಕ್ಷರದ ಫೈಲು, ನಿರಪಾಯ. ಆದರೆ ಆ ಹೆಸರಿಗೆ ಇನ್ನೊಂದು ಬಾಲ ಇತ್ತು, ‘ಡಾಟ್ ವಿಬಿಎಸ್’. ಅಂದರೆ ಓಡುವ ಪ್ರೋಗ್ರಾಮ್. ಆ ಬಾಲವನ್ನು ಮರೆಮಾಡಿದ್ದು ಕಳ್ಳನಲ್ಲ, ವಿಂಡೋಸ್. ‘ಗೊತ್ತಿರುವ ಬಗೆಯ ಫೈಲುಗಳ ಬಾಲ ತೋರಿಸಬೇಡ’ ಅನ್ನುವುದು ಅದರ ಹುಟ್ಟು ಸೆಟ್ಟಿಂಗ್. ನೋಡಲಿಕ್ಕೆ ಚೆಂದ ಇರಲಿ ಎಂದು.

ಇಪ್ಪತ್ತೈದು ವರ್ಷ ಕಳೆಯಿತು. ಇವತ್ತು ಹೊಸ ವಿಂಡೋಸ್ 11 ಲ್ಯಾಪ್‌ಟಾಪ್ ಕೊಂಡು ತನ್ನಿ. ಆ ಸೆಟ್ಟಿಂಗ್ ಈಗಲೂ ಹಾಗೇ ಇದೆ. ‘ಕರೆಂಟ್ ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಎಂಬ ಫೈಲು ನಿಮ್ಮ ಕಣ್ಣಿಗೆ ‘ಕರೆಂಟ್ ಬಿಲ್ ಡಾಟ್ ಪಿಡಿಎಫ್’ ಆಗಿಯೇ ಕಾಣುತ್ತದೆ. ಅದಕ್ಕೆ ಪಿಡಿಎಫ್‌ನ ಕೆಂಪು ಚಿತ್ರವನ್ನೂ ಅಂಟಿಸಿ ಕಳಿಸಿದರೆ ಮುಗೀತು. ಇಷ್ಟಾದ ಮೇಲೆ ವೇದಿಕೆ ಹತ್ತಿ, ‘ಫೈಲ್ ತೆರೆಯುವ ಮುಂಚೆ ಅದು ಏನೆಂದು ನೋಡಿ’ ಅನ್ನುತ್ತಾರೆ. ಏನನ್ನು ನೋಡೋದು ಸ್ವಾಮಿ? ನೋಡಬೇಕಾದ್ದನ್ನು ನೀವೇ ಮುಚ್ಚಿಟ್ಟಿದ್ದೀರಿ. ಫೋನಿನಲ್ಲಿ ‘ಮದುವೆ ಆಮಂತ್ರಣ’ ಅಂತ ಬರುವ ಎಪಿಕೆ ಫೈಲಿನ ಬಾಲ ಕಂಡಿತು ಎಂದೇ ಎಷ್ಟೋ ಜನ ಬಚಾವಾಗಿದ್ದಾರೆ. ಹೊರಗಿನ ಆ್ಯಪ್ ಹಾಕಲು ಫೋನು ಮೊದಲು ಬೇಡ ಅನ್ನುತ್ತದೆ, ನಾವು ಬೇಕೆಂದೇ ಅನುಮತಿ ಕೊಡಬೇಕು. ಕೈಯಲ್ಲಿರುವ ಫೋನಿಗೆ ಇರುವಷ್ಟು ಅಗುಳಿ ಮೇಜಿನ ಮೇಲಿನ ಕಂಪ್ಯೂಟರಿಗಿಲ್ಲ.

ಇದು ಕಂಪನಿಗಳ ಮಾತಾಯಿತು. ನಮ್ಮೂರಿಗೆ ಬರೋಣ.

ತಾಲ್ಲೂಕು ಕೇಂದ್ರದ ಅಂಗಡಿಗೆ ಸ್ಲೋ ಆದ ಕಂಪ್ಯೂಟರ್ ಒಯ್ಯುತ್ತೇವೆ. ‘ಅಣ್ಣ, ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕ್ತೀನಿ, ಸಂಜೆ ಬನ್ನಿ.’ ಸಂಜೆ ಹೋದರೆ ಕಂಪ್ಯೂಟರ್ ಚಿಗರೆ ಹಾಗೆ ಓಡುತ್ತಿರುತ್ತದೆ. ಒಳಗೆ ಆಗಿರುವುದು ಏನು? ಲೈಸೆನ್ಸ್ ಇಲ್ಲದ ವಿಂಡೋಸ್ ಹಾಕಿದ್ದಾರೆ. ಅದು ದುಡ್ಡು ಕೇಳಬಾರದು ಎಂದು ಒಂದು ‘ಆಕ್ಟಿವೇಟರ್’ ಓಡಿಸಿದ್ದಾರೆ. ಆ ಆಕ್ಟಿವೇಟರ್ ಓಡಬೇಕಾದರೆ ವಿಂಡೋಸ್‌ನ ಸ್ವಂತ ಕಾವಲುಗಾರ ಡಿಫೆಂಡರ್ ಬಾಯಿ ಮುಚ್ಚಬೇಕು, ಹಾಗಾಗಿ ಅದನ್ನು ಆಫ್ ಮಾಡಿದ್ದಾರೆ. ಅಪ್‌ಡೇಟ್ ಬಂದರೆ ಕಳ್ಳ ವಿಂಡೋಸ್ ಬಯಲಾಗಿ ಗಿರಾಕಿ ವಾಪಸ್ ಬರುತ್ತಾನೆ, ಹಾಗಾಗಿ ಅಪ್‌ಡೇಟನ್ನೂ ನಿಲ್ಲಿಸಿದ್ದಾರೆ. ಪಾಸ್‌ವರ್ಡ್ ಇಲ್ಲದ ಒಂದೇ ಒಂದು ಅಕೌಂಟ್, ಅದೂ ಪೂರ್ತಿ ಅಧಿಕಾರದ್ದು. ಮೇಲೊಂದು ಎನಿಡೆಸ್ಕ್, ‘ಏನಾದರೂ ತೊಂದರೆ ಆದರೆ ಇಲ್ಲಿಂದಲೇ ನೋಡ್ತೀನಿ’ ಅಂತ. ಕೆಲವೊಮ್ಮೆ ಯಾರನ್ನೂ ಕೇಳದೆ ಒಳಗೆ ಬರುವ ಪಾಸ್‌ವರ್ಡನ್ನೂ ಇಟ್ಟಿರುತ್ತಾರೆ. ಎನಿಡೆಸ್ಕ್ ಕಳ್ಳ ಸಾಫ್ಟ್‌ವೇರ್ ಅಲ್ಲ, ಆಫೀಸುಗಳಲ್ಲಿ ಬಳಸುವಂಥದ್ದೇ. ಆದರೆ ಮೋಸಗಾರರು ಅದನ್ನು ಹೇಗೆ ಬಳಸುತ್ತಾರೆಂದು 2019ರಲ್ಲೇ ರಿಸರ್ವ್ ಬ್ಯಾಂಕ್ ಎಚ್ಚರಿಸಿತ್ತು.

ಒಂದು ಸಂಜೆಯಲ್ಲಿ ಮನೆಯ ಬೀಗ, ಚಿಲಕ, ನಾಯಿ ಮೂರನ್ನೂ ತೆಗೆದು ಬಿಲ್ ಕೊಡುತ್ತಾರೆ. ಬಿಲ್ಲೂ ಕೊಡುವುದಿಲ್ಲ ಬಿಡಿ.

ಅಂಗಡಿಯ ಹುಡುಗರನ್ನು ಮಾತ್ರ ಬೈದು ಮುಗಿಸುವ ಹಾಗಿಲ್ಲ ಅನ್ನುವುದೂ ಗೊತ್ತು. ಐನೂರು ಕೇಳಿದರೆ ಮುನ್ನೂರಕ್ಕೆ ಇಳಿಸುವವರು ನಾವೇ. ಲೈಸೆನ್ಸಿಗೆ ಸಾವಿರಾರು ರೂಪಾಯಿ ಎಂದರೆ ಎದ್ದು ಬರುವವರೂ ನಾವೇ. ಆದರೆ ಇಲ್ಲೊಂದು ವಿಷಯ ಯಾರೂ ಹೇಳುವುದಿಲ್ಲ. ಕಂಪನಿಯೇ ವಿಂಡೋಸ್ 10 ಅಥವಾ 11 ಹಾಕಿ ಮಾರಿದ ಲ್ಯಾಪ್‌ಟಾಪ್ ಆಗಿದ್ದರೆ ಅದರ ಲೈಸೆನ್ಸ್ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುತ್ತದೆ. ಸೆಕೆಂಡ್ ಹ್ಯಾಂಡ್ ತಂದಿದ್ದರೂ ಸಾಮಾನ್ಯವಾಗಿ ಹಾಗೇ. ಮೈಕ್ರೋಸಾಫ್ಟ್ ತಾಣದಲ್ಲಿ ಪುಕ್ಕಟೆ ಸಿಗುವ ಅಸಲಿ ವಿಂಡೋಸ್ ಇಳಿಸಿಕೊಂಡು, ಮೊದಲು ಯಾವ ಬಗೆಯದಿತ್ತೋ ಅದನ್ನೇ, ಹೋಮ್ ಇದ್ದರೆ ಹೋಮನ್ನೇ ಹಾಕಿದರೆ ಇಂಟರ್‌ನೆಟ್ ಸಿಕ್ಕ ಕೂಡಲೇ ತಾನಾಗಿ ಆಕ್ಟಿವೇಟ್ ಆಗುತ್ತದೆ. ಒಂದು ಪೈಸೆ ಬೇಡ. ಆದರೆ ಅಂಗಡಿಯ ಪೆನ್‌ಡ್ರೈವಿನಲ್ಲಿರುವುದು ಕ್ರ್ಯಾಕ್ ಮಾಡಿದ ‘ಪ್ರೊ’. ಎಲ್ಲರಿಗೂ ಅದೇ. ದುಡ್ಡು ಕೊಟ್ಟು ಕೊಂಡ ಅಸಲಿಯನ್ನು ಅಳಿಸಿ ನಕಲಿ ಹಾಕಿಸಿಕೊಂಡು ಬಂದ ಮನೆಗಳು ನಮ್ಮ ಸುತ್ತಲೇ ಇವೆ.

ಈಗ ಕೆಲಸದ ಮಾತು. ಇದನ್ನು ನೀವು ಫೋನಿನಲ್ಲಿ ಓದುತ್ತಿದ್ದೀರಿ, ಅನುಕೂಲವೇ ಆಯಿತು. ಫೋನ್ ಕೈಯಲ್ಲಿ ಹಿಡಿದು ಕಂಪ್ಯೂಟರ್ ಮುಂದೆ ಕೂರಿ.

ಎಲ್ಲಕ್ಕಿಂತ ಮೊದಲು ಅಕೌಂಟ್. ಪೂರ್ತಿ ಅಧಿಕಾರದ ಅಕೌಂಟಿಗೆ ಅಡ್ಮಿನಿಸ್ಟ್ರೇಟರ್ ಅನ್ನುತ್ತಾರೆ, ಯಜಮಾನ ಅಂದುಕೊಳ್ಳಿ. ಮಾಮೂಲಿ ಬಳಕೆಯದಕ್ಕೆ ಸ್ಟ್ಯಾಂಡರ್ಡ್. ವಿಂಡೋಸ್ ಹಾಕುವಾಗ ಮೊದಲು ತಯಾರಾಗುವುದು ಯಜಮಾನನ ಅಕೌಂಟ್. ನಮ್ಮ ಮನೆಗಳಲ್ಲಿ ಕೊನೆತನಕ ಅದೊಂದೇ. ಅಪ್ಪ ಪಹಣಿ ನೋಡುವುದು, ಮಗಳು ಕ್ಲಾಸ್ ಕೇಳುವುದು, ಅಣ್ಣನ ಮಗ ಗೇಮ್ ಇಳಿಸುವುದು ಎಲ್ಲ ಅದರಲ್ಲೇ. ಬೀಗದ ಕೈ ಗೊಂಚಲನ್ನು ಮನೆಗೆ ಬಂದವರೆಲ್ಲರ ಸೊಂಟಕ್ಕೆ ಕಟ್ಟಿದ ಹಾಗೆ. ಆ ಹುಡುಗ ಒತ್ತಿದ ಕೆಟ್ಟ ಫೈಲಿಗೆ ಇಡೀ ಕಂಪ್ಯೂಟರಿನ ಯಜಮಾನಿಕೆ ಸಿಗಲು ಒಂದು ‘ಯೆಸ್’ ಸಾಕು. ಸ್ಟ್ಯಾಂಡರ್ಡ್ ಅಕೌಂಟಿನಲ್ಲಾದರೆ ಅದು ಯಜಮಾನನ ಪಾಸ್‌ವರ್ಡ್ ಕೇಳುತ್ತದೆ. ಹುಡುಗ ಅಪ್ಪನನ್ನು ಕರೆಯಬೇಕಾಗುತ್ತದೆ. ಆ ಕರೆಯುವ ಗಳಿಗೆಯಲ್ಲೇ ಎಷ್ಟೋ ಅನಾಹುತ ತಪ್ಪುತ್ತದೆ.

ಮಾಡುವ ಕ್ರಮ ಮುಖ್ಯ. ಸೆಟ್ಟಿಂಗ್ಸ್‌ನಲ್ಲಿ ‘ಅಕೌಂಟ್ಸ್’, ಅದರೊಳಗೆ ‘ಅದರ್ ಯೂಸರ್ಸ್’. ಹಳೆಯದರಲ್ಲಿ ‘ಫ್ಯಾಮಿಲಿ’ ಎಂಬ ಮಾತೂ ಜೊತೆಗಿರುತ್ತದೆ. ಅಲ್ಲಿ ಹೊಸ ಅಕೌಂಟ್ ಮಾಡಿ, ಅದರ ಬಗೆಯನ್ನು ಅಡ್ಮಿನಿಸ್ಟ್ರೇಟರ್ ಎಂದು ಬದಲಿಸಿ, ಗಟ್ಟಿ ಪಾಸ್‌ವರ್ಡ್ ಕೊಡಿ. ಆ ಹೊಸ ಅಕೌಂಟಿಗೆ ಒಮ್ಮೆ ಲಾಗಿನ್ ಆಗಿ, ಅಲ್ಲಿಂದ ಹಳೆಯ ಅಕೌಂಟನ್ನು ಸ್ಟ್ಯಾಂಡರ್ಡ್‌ಗೆ ಇಳಿಸಿ. ಹೀಗೆ ಮಾಡಿದರೆ ನಿಮ್ಮ ಫೈಲು, ಫೋಟೊ ಎಲ್ಲ ಹಳೆಯ ಜಾಗದಲ್ಲೇ ಇರುತ್ತವೆ. ದಿನನಿತ್ಯದ ಕೆಲಸ ಹಳೆಯದರಲ್ಲೇ ಮಾಡಿ. ಯಜಮಾನನ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಜಮೀನಿನ ಪತ್ರ ಇಡುವ ಟ್ರಂಕಿನಲ್ಲಿಡಿ. ಪಾಸ್‌ವರ್ಡ್ ಬರೆದಿಡಬಾರದು ಅನ್ನುವ ಉಪದೇಶ ಆಫೀಸಿನವರಿಗೆ. ಮರೆತರೆ ನೀವು ಮತ್ತೆ ಅದೇ ಅಂಗಡಿಗೆ ಹೋಗಬೇಕಾಗುತ್ತದೆ, ಅದು ಇನ್ನೂ ಅಪಾಯ.

ಇನ್ನು ಕಾವಲುಗಾರ. ‘ವಿಂಡೋಸ್ ಸೆಕ್ಯುರಿಟಿ’ ಎಂದು ಹುಡುಕಿ ತೆಗೆಯಿರಿ. ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ ಒಳಗೆ ‘ಮ್ಯಾನೇಜ್ ಸೆಟ್ಟಿಂಗ್ಸ್’. ಅಲ್ಲಿ ‘ರಿಯಲ್ ಟೈಮ್ ಪ್ರೊಟೆಕ್ಷನ್’ ಮತ್ತು ‘ಟ್ಯಾಂಪರ್ ಪ್ರೊಟೆಕ್ಷನ್’ ಎರಡೂ ಆನ್ ಇರಬೇಕು. ಇಷ್ಟನ್ನು ಕೆಲವರು ಹೇಳುತ್ತಾರೆ. ಹೇಳದೆ ಬಿಡುವುದು ಅದೇ ಪುಟದ ಕೆಳತುದಿಯಲ್ಲಿರುವ ‘ಎಕ್ಸ್‌ಕ್ಲೂಷನ್ಸ್’. ಕಾವಲುಗಾರ ಯಾವ ಯಾವ ಜಾಗವನ್ನು ತಪಾಸಣೆ ಮಾಡಬಾರದು ಎಂಬ ಪಟ್ಟಿ ಅದು. ಆಕ್ಟಿವೇಟರ್ ಓಡಿಸುವವರು ಇಲ್ಲಿಗೊಂದು ಫೋಲ್ಡರ್ ಸೇರಿಸುತ್ತಾರೆ. ಸೋಮಾರಿಗಳಾದರೆ ಇಡೀ ಸಿ ಡ್ರೈವನ್ನೇ ಸೇರಿಸಿಬಿಡುತ್ತಾರೆ. ಮೇಲೆ ಹಸಿರು ಗುರುತು, ಎಲ್ಲ ಆನ್. ಒಳಗೆ ಕಾವಲುಗಾರನ ಕಣ್ಣಿಗೆ ಬಟ್ಟೆ. ಆ ಪಟ್ಟಿ ಖಾಲಿ ಇರಬೇಕು. ಇಲ್ಲದಿದ್ದರೆ ಒಂದೊಂದನ್ನೇ ತೆಗೆದು, ‘ಫುಲ್ ಸ್ಕ್ಯಾನ್’ ಕೊಟ್ಟು ಊಟಕ್ಕೆ ಹೋಗಿ.

‘ಡಿಫೆಂಡರ್ ಸಾಲದು, ಈ ಆ್ಯಂಟಿವೈರಸ್ ಹಾಕಿಸಿ’ ಎಂದು ಅಂಗಡಿಯಲ್ಲಿ ಡಬ್ಬಿ ತೋರಿಸುತ್ತಾರೆ. ಬೇರೆ ಆ್ಯಂಟಿವೈರಸ್ ಹಾಕಿದರೆ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಮುಂದಿನ ವರ್ಷ ನೀವು ದುಡ್ಡು ಕಟ್ಟದಿದ್ದರೆ ಹೊಸದು ಅರೆಜೀವವಾಗಿ ಮೂಲೆಯಲ್ಲಿ ಕೂತು ‘ರಿನ್ಯೂ ಮಾಡಿ’ ಎಂದು ಗೋಗರೆಯುತ್ತದೆ. ಡಬ್ಬಿಗಳೆಲ್ಲ ಕೆಟ್ಟವು ಅನ್ನುತ್ತಿಲ್ಲ. ಮನೆಯ ಕಂಪ್ಯೂಟರಿಗೆ ಪುಕ್ಕಟೆ ಬಂದ ಕಾವಲುಗಾರನನ್ನು ಎಬ್ಬಿಸಿ ನಿಲ್ಲಿಸಿದರೆ ಸಾಕು ಅನ್ನುತ್ತಿದ್ದೇನೆ.

ಫೈಲಿನ ಬಾಲ ತೋರಿಸುವುದು ಅರ್ಧ ನಿಮಿಷದ ಕೆಲಸ. ಯಾವುದಾದರೂ ಫೋಲ್ಡರ್ ತೆಗೆಯಿರಿ, ಮೇಲೆ ‘ವ್ಯೂ’, ಹನ್ನೊಂದರಲ್ಲಾದರೆ ಅದರೊಳಗೆ ‘ಶೋ’, ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಟಿಕ್ ಮಾಡಿ. ಇನ್ನು ಮೇಲೆ ಬಿಲ್ಲು, ಲಗ್ನಪತ್ರಿಕೆ, ನೋಟಿಸು ಎಂದು ಬಂದ ಫೈಲಿನ ಕೊನೆಯಲ್ಲಿ ಇಎಕ್ಸ್‌ಇ, ವಿಬಿಎಸ್, ಜೆಎಸ್, ಎಸ್‌ಸಿಆರ್ ಕಂಡರೆ ಅಳಿಸಿ ಎದ್ದು ಬನ್ನಿ.

ಬ್ರೌಸರ್ ಬಗ್ಗೆ ಒಂದೇ ಮಾತು. ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ’ ಎಂದು ಮೂಲೆಯಿಂದ ಏಳುವ ಚೌಕಗಳು ಬಹುಪಾಲು ವೈರಸ್ಸೂ ಅಲ್ಲ, ವಿಂಡೋಸೂ ಅಲ್ಲ. ಯಾವುದೋ ಸಿನಿಮಾ ತಾಣದಲ್ಲಿ ‘ಅಲೌ’ ಒತ್ತಿದ್ದರ ಫಲ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸೈಟ್ ಸೆಟ್ಟಿಂಗ್ಸ್’, ‘ನೋಟಿಫಿಕೇಷನ್ಸ್’ಗೆ ಹೋಗಿ ಯಾವ ತಾಣಕ್ಕೂ ಅನುಮತಿ ಬೇಡ ಎಂದು ಹೇಳಿ. ಈಗಾಗಲೇ ಅನುಮತಿ ಪಡೆದವರ ಪಟ್ಟಿ ಅಲ್ಲೇ ಕೆಳಗಿದೆ, ಗುಡಿಸಿ ಹಾಕಿ. ಎಷ್ಟೋ ಕಂಪ್ಯೂಟರ್‌ಗಳನ್ನು ಇಷ್ಟಕ್ಕೇ ಫಾರ್ಮ್ಯಾಟ್ ಹೊಡೆಸಲು ಒಯ್ಯುತ್ತಾರೆ.

ಅಪ್‌ಡೇಟ್ ಬಗ್ಗೆ ಜಗಳ ಜಾಸ್ತಿ. ಅಪ್‌ಡೇಟ್ ಅಂದರೆ ಡೇಟಾ ತಿನ್ನುವ ಪಿಶಾಚಿ ಎಂದೇ ನಮ್ಮ ಕಡೆ ನಂಬಿಕೆ. ಫೋನಿನ ಹಾಟ್‌ಸ್ಪಾಟ್‌ನಲ್ಲಿ ದಿನಕ್ಕೆ ಒಂದೂವರೆ ಜಿಬಿ ಇಟ್ಟುಕೊಂಡು ಬದುಕುವವರ ಕಷ್ಟ ಸುಳ್ಳಲ್ಲ. ಆದರೆ 2017ರ ಮೇ 12ರಂದು ಶುರುವಾದ ವಾನಾಕ್ರೈ ನೆನಪಿಸಿಕೊಳ್ಳಿ. ಫೈಲುಗಳಿಗೆಲ್ಲ ಬೀಗ ಹಾಕಿ 300 ಡಾಲರ್ ಕೇಳಿದ ವೈರಸ್ಸು ಅದು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೇ ಸ್ತಬ್ಧವಾದವು. ಅದು ದೊಡ್ಡವರ ಕಥೆ ಎಂದುಕೊಳ್ಳಬೇಡಿ. ನಮ್ಮ ಎಚ್.ಡಿ. ಕೋಟೆ, ಗುಂಡ್ಲುಪೇಟೆಯ ಗಡಿ ದಾಟಿದರೆ ಸಿಗುವ ವಯನಾಡಿನಲ್ಲಿ ಒಂದು ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರುಗಳಿಗೂ ಅದು ಬಂತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಸುಮಾರು ಎರಡು ತಿಂಗಳು ಮೊದಲೇ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು.

ಭದ್ರತೆಯ ಅಪ್‌ಡೇಟ್ ದಿನಾ ಬರುವುದಿಲ್ಲ. ಮುಖ್ಯವಾದದ್ದು ತಿಂಗಳ ಎರಡನೇ ಮಂಗಳವಾರ ಅಮೆರಿಕದಲ್ಲಿ ಬಿಡುಗಡೆಯಾಗುತ್ತದೆ, ನಮಗೆ ಆಗ ರಾತ್ರಿ. ತಿಂಗಳ ಆ ವಾರದಲ್ಲಿ, ಕರೆಂಟ್ ಇರುವ ಒಂದು ರಾತ್ರಿ, ಕಂಪ್ಯೂಟರ್ ಆನ್ ಇಟ್ಟು ಅಪ್‌ಡೇಟ್ ಆಗಲು ಬಿಡಿ. ಉಳಿದ ದಿನ ಡೇಟಾ ಉಳಿಸಬೇಕಿದ್ದರೆ ವೈಫೈ ಸೆಟ್ಟಿಂಗ್‌ನಲ್ಲಿ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿಟ್ಟುಕೊಳ್ಳಿ, ಆ ರಾತ್ರಿ ಮಾತ್ರ ಆಫ್ ಮಾಡಿ. ಅಪ್‌ಡೇಟನ್ನೇ ಕೊಲ್ಲಬೇಕಿಲ್ಲ.

ಅಕೌಂಟ್ ಬೇರೆ ಮಾಡಿದ ಮಾತ್ರಕ್ಕೆ ವಾನಾಕ್ರೈ ಥರದ್ದು ನಿಮ್ಮ ಫೋಟೊ, ದಾಖಲೆಗಳನ್ನು ಮುಟ್ಟುವುದಿಲ್ಲ ಎಂದಲ್ಲ. ನೀವು ತೆರೆಯಬಲ್ಲ ಫೈಲನ್ನು ನಿಮ್ಮ ಹೆಸರಲ್ಲಿ ಓಡುವ ಪ್ರೋಗ್ರಾಮೂ ಮುಟ್ಟಬಲ್ಲದು. ಅದಕ್ಕೆ ವಿಂಡೋಸ್ ಸೆಕ್ಯುರಿಟಿಯಲ್ಲಿ ‘ರ್‍ಯಾನ್ಸಮ್‌ವೇರ್ ಪ್ರೊಟೆಕ್ಷನ್’ ಒಳಗೆ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಎಂದಿದೆ. ಹುಟ್ಟಿನಿಂದ ಅದೂ ಆಫ್! ಆನ್ ಮಾಡಿದರೆ ಗುರುತಿಲ್ಲದ ಪ್ರೋಗ್ರಾಮ್‌ಗಳು ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ತಿದ್ದಲಾರವು. ಒಮ್ಮೊಮ್ಮೆ ಒಳ್ಳೆಯ ಸಾಫ್ಟ್‌ವೇರನ್ನೂ ತಡೆದು ಕಿರಿಕಿರಿ ಮಾಡುತ್ತದೆ, ಆಗ ಅದೊಂದಕ್ಕೆ ಅನುಮತಿ ಕೊಟ್ಟರಾಯಿತು. ಬೀದಿಯವರ ಸ್ಕ್ಯಾನ್‌ಗಳನ್ನು ಕೆಲಸ ಮುಗಿದ ದಿನವೇ ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ. ಉಳಿಸಬೇಕಾದ್ದನ್ನು ಪೆನ್‌ಡ್ರೈವಿಗೋ ಹಾರ್ಡ್ ಡಿಸ್ಕಿಗೋ ಹಾಕಿ, ಅದನ್ನು ಕಂಪ್ಯೂಟರಿನಿಂದ ಕಿತ್ತು ಬೇರೆ ಇಡಿ. ಚುಚ್ಚಿಯೇ ಬಿಟ್ಟ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.

ಮನೆಗೆ ಫೈಬರ್ ಬಂದವರು ರೂಟರ್ ತಿರುಗಿಸಿ ನೋಡಿ. ಹೆಸರು ಅಡ್ಮಿನ್, ಪಾಸ್‌ವರ್ಡ್ ಅಡ್ಮಿನ್ ಎಂದು ಹಿಂದೆ ಚೀಟಿ ಇದ್ದರೆ ಬದಲಿಸಿ, ಇಲ್ಲವೇ ಕೇಬಲ್ ಹುಡುಗನಿಂದ ಬದಲಿಸಿಸಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಮ್ ಇಂಥ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ ಹಿಡಿದುಕೊಂಡೇ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಮಾಡಿಕೊಂಡಿತು. ಬ್ರಿಟನ್ ಅದರಿಂದ ಪಾಠ ಕಲಿತು ಕಾನೂನು ತಂದಿತು. 2024ರ ಏಪ್ರಿಲ್ 29ರಿಂದ ಅಲ್ಲಿ ಸುಲಭವಾಗಿ ಊಹಿಸಬಹುದಾದ ಹುಟ್ಟು ಪಾಸ್‌ವರ್ಡ್ ಇಟ್ಟು ಇಂಥ ಸಾಧನಗಳನ್ನು ಮಾರುವಂತಿಲ್ಲ. ತಪ್ಪಿದರೆ ದಂಡ ಕಂಪನಿಗೆ, ಬಳಸುವವರಿಗಲ್ಲ. ಜವಾಬ್ದಾರಿ ಎಲ್ಲಿ ಇರಬೇಕೋ ಅಲ್ಲಿ ಇಡುವುದು ಎಂದರೆ ಇದು.

ನಮ್ಮ ಸರ್ಕಾರಕ್ಕೆ ಇಷ್ಟು ಮಾಡಲು ಏನು ಅಡ್ಡಿ? ಕಾಲೇಜು ವಿದ್ಯಾರ್ಥಿಗಳಿಗೆ ನಮ್ಮ ರಾಜ್ಯದಲ್ಲಿ ಲ್ಯಾಪ್‌ಟಾಪ್ ಹಂಚಿದ್ದಾರೆ. ಟೆಂಡರಿನಲ್ಲಿ ರ್‍ಯಾಮ್ ಎಷ್ಟು, ಹಾರ್ಡ್ ಡಿಸ್ಕ್ ಎಷ್ಟು ಎಂದು ಬರೆಯುವವರು, ‘ಎರಡು ಅಕೌಂಟ್ ಇರಬೇಕು, ಫೈಲಿನ ಬಾಲ ಕಾಣಬೇಕು, ಫೋಲ್ಡರ್ ರಕ್ಷಣೆ ಆನ್ ಇರಬೇಕು, ಕನ್ನಡದಲ್ಲಿ ಒಂದು ಹಾಳೆ ಜೊತೆಗಿರಬೇಕು’ ಎಂದು ಇನ್ನೊಂದು ಸಾಲು ಬರೆದರೆ ಆಗುತ್ತದೆ. ಒಳಗೆ ಏನಿರಬೇಕೆಂದು ಒಂದು ರಾಜ್ಯ ತೀರ್ಮಾನಿಸಬಹುದು ಅನ್ನುವುದಕ್ಕೆ ಕೇರಳವೇ ಸಾಕ್ಷಿ. ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳು ವರ್ಷಗಳಿಂದ ತಾವೇ ಸಿದ್ಧಪಡಿಸಿದ ಲಿನಕ್ಸ್‌ನಲ್ಲಿ ಓಡುತ್ತಿವೆ.

ಲಿನಕ್ಸ್ ಮಾತು ಬಂದದ್ದು ಒಳ್ಳೆಯದಾಯಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಭದ್ರತಾ ಅಪ್‌ಡೇಟ್ ನಿಂತಿತು. ಅಪ್‌ಡೇಟ್ ಪುಟದಲ್ಲಿ ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಕೊಡುತ್ತೇವೆ ಎಂದು ಮೈಕ್ರೋಸಾಫ್ಟ್ ಹೇಳಿತು. ವಿಂಡೋಸ್ 11 ಹಾಕೋಣವೆಂದರೆ ಹಳೆಯ ಪ್ರೊಸೆಸರ್ ಆಗುವುದಿಲ್ಲ ಅನ್ನುತ್ತದೆ. ನಮ್ಮ ಹಳ್ಳಿಗಳಿಗೆ ಬೆಂಗಳೂರಿನಿಂದ ಬಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳಲ್ಲಿ ಬೇಕಾದಷ್ಟು ಈ ಗುಂಪಿಗೆ ಸೇರುತ್ತವೆ. ಗಟ್ಟಿಮುಟ್ಟಾದ ಎತ್ತನ್ನು ಹಲ್ಲು ಉದುರಿತು ಎಂದು ಕಟುಕರಿಗೆ ಕೊಟ್ಟಂತೆ. ಇಂಟರ್‌ನೆಟ್, ಅರ್ಜಿ, ಯೂಟ್ಯೂಬ್, ಯೂನಿಕೋಡ್ ಕನ್ನಡ ಟೈಪಿಂಗ್ ಇಷ್ಟೇ ಕೆಲಸ ಇರುವ ಮನೆಯಲ್ಲಿ ಅಂಥದ್ದಕ್ಕೆ ಲಿನಕ್ಸ್ ಮಿಂಟ್ ಹಾಕಿಸಿ. ಪುಕ್ಕಟೆ, ಆಕ್ಟಿವೇಟರ್‌ನ ಮಾತೇ ಇಲ್ಲ, ಏನಾದರೂ ಹಾಕಬೇಕಾದರೆ ಪಾಸ್‌ವರ್ಡ್ ಕೇಳುವುದು ಅದರ ಹುಟ್ಟುಗುಣ. ನುಡಿ ತಂತ್ರಾಂಶದಲ್ಲೇ ಟೈಪ್ ಮಾಡಬೇಕಾದವರಿಗೆ, ಟ್ಯಾಲಿ ಬಳಸುವವರಿಗೆ ಇದು ಆಗದ ಮಾತು, ಒಪ್ಪುತ್ತೇನೆ.

ಇಷ್ಟಾಗಿಯೂ ದುಡ್ಡು ಹೋದರೆ ಮೊದಲು ನೆಟ್ ಕಿತ್ತು, ತಡಮಾಡದೆ 1930ಕ್ಕೆ ಫೋನ್ ಮಾಡಿ. ಕಂಪ್ಯೂಟರ್ ಫಾರ್ಮ್ಯಾಟ್ ಹೊಡೆಸಬೇಡಿ, ಪುರಾವೆ ಅಳಿಸಿಹೋಗುತ್ತದೆ. ‘ನೀವ್ಯಾಕೆ ಎಚ್ಚರ ವಹಿಸಲಿಲ್ಲ’ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಡಿ, ದೂರು ಬರೆಸಿ.

ಮುಂದಿನ ಸಲ ರಿಪೇರಿಗೆ ಕೊಟ್ಟ ಕಂಪ್ಯೂಟರ್ ವಾಪಸ್ ತರಲು ಹೋದಾಗ, ದುಡ್ಡು ಎಣಿಸುವ ಮುಂಚೆ ಅಲ್ಲೇ ಕೌಂಟರ್ ಮೇಲೆ ಆನ್ ಮಾಡಿಸಿ. ‘ತಮ್ಮಾ, ಎಕ್ಸ್‌ಕ್ಲೂಷನ್ಸ್ ಪಟ್ಟಿ ತೋರಿಸು. ಅಪ್‌ಡೇಟ್ ಪುಟ ತೋರಿಸು. ಎನಿಡೆಸ್ಕ್ ಹಾಕಿದ್ದರೆ ತೆಗೆ. ನನ್ನ ಹಳೇ ಲೈಸೆನ್ಸ್ ಎಲ್ಲಿ?’ ಎಂದು ಕೇಳಿ. ನಾಲ್ಕಕ್ಕೂ ಸರಿಯಾದ ಉತ್ತರ ಬಂದರೆ ಅವನು ಕೇಳಿದ ಐನೂರನ್ನು ಚೌಕಾಸಿ ಮಾಡದೆ ಕೊಡಿ.